ಅಜ್ಜಿಯ ಬದುಕು, ಕಾಲದ ಚರಿತ್ರೆ: ಸಾಮಾನ್ಯರ ಜೀವನಕಥೆ ಬರೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಮನೆಯ ಹಿರಿಯರ ಕಥೆ ಬರೆಯಬೇಕು ಅಂತ ಹೊರಡುವವರು ಸಾಮಾನ್ಯವಾಗಿ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದೋ ಅದು ಹೊಗಳಿಕೆಯ ಪಟ್ಟಿಯಾಗುತ್ತದೆ: ಕಷ್ಟಪಟ್ಟರು, ಮಕ್ಕಳನ್ನು ಓದಿಸಿದರು, ಎಲ್ಲರಿಗೂ ಬೇಕಾದವರಾಗಿದ್ದರು. ಇಲ್ಲವೇ ಹೈಸ್ಕೂಲಿನ ಸಮಾಜ ಪುಸ್ತಕವಾಗುತ್ತದೆ: 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ನಡೆಯಿತು, ಆಗ ನಮ್ಮಜ್ಜಿಗೆ ಎರಡು ವರ್ಷ. ಎರಡು ವರ್ಷದ ಕೂಸಿಗೂ ಕ್ವಿಟ್ ಇಂಡಿಯಾಕ್ಕೂ ಏನು ಸಂಬಂಧ? ಓದುವವರು ಕೇಳುವುದೂ ಇಲ್ಲ, ಸುಮ್ನೆ ಪುಟ ತಿರುಗಿಸುತ್ತಾರೆ.

ನಾನು ಪಾಲಿಸುವ ನಿಯಮ ಒಂದೇ. ಆ ವ್ಯಕ್ತಿಯ ಒಲೆ, ಹೊಲ, ಮೈ, ಜೇಬು ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಚರಿತ್ರೆಯನ್ನು ಮಾತ್ರ ಬರೆಯಬೇಕು. ಮುಟ್ಟದೇ ಹೋದದ್ದು ಎಷ್ಟೇ ದೊಡ್ಡ ಘಟನೆಯಾಗಿರಲಿ, ಬಿಟ್ಟುಬಿಡಿ. ಹಾಗೆಯೇ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಸಿಗದ ಸಂಗತಿ ಅವರ ಬದುಕನ್ನೇ ತಿರುಗಿಸಿದ್ದರೆ ಅದಕ್ಕೆ ಹತ್ತು ಪುಟ ಕೊಡಿ.

ಉದಾಹರಣೆ ಇಲ್ಲದೆ ಇದೆಲ್ಲ ಹೇಳಿದರೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳೋಣ. ಸಾಗರ ತಾಲ್ಲೂಕು, ಶರಾವತಿ ದಂಡೆಯ ಹಳ್ಳಿ, ದೀವರೆಂಬ ರೈತ ಸಮುದಾಯದ ಮನೆತನ, ಗೇಣಿ ಜಮೀನು, ಅಂದರೆ ಒಡೆಯರಿಗೆ ಭತ್ತ ಅಳೆದು ಕೊಟ್ಟು ಉಳುವ ಗದ್ದೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರು ಮುಳುಗಿತು. ಈ ಅಜ್ಜಿ ನನ್ನ ಕಲ್ಪನೆ. ಅವರ ಸುತ್ತ ನಾನು ಹೇಳುವ ಘಟನೆಗಳು ಮಾತ್ರ ನಡೆದಂಥವೇ.

ಹಂತ 1: ಹುಟ್ಟಿದ ವರ್ಷ ಹುಡುಕಿ, ಆಧಾರ್ ಕಾರ್ಡನ್ನು ನಂಬಬೇಡಿ

ನಿಮ್ಮ ಊರಿನ ಎಪ್ಪತ್ತು ದಾಟಿದವರ ಕಾರ್ಡುಗಳನ್ನು ಒಮ್ಮೆ ನೋಡಿ. ಅರ್ಧ ಊರೇ ಜನವರಿ 1ಕ್ಕೋ ಜೂನ್ 1ಕ್ಕೋ ಹುಟ್ಟಿದ ಹಾಗಿರುತ್ತದೆ! ಜೂನ್ ಬಂದದ್ದು ಶಾಲೆಯಿಂದ. ಮಗುವನ್ನು ಕರೆದುಕೊಂಡು ಹೋದಾಗ ಮೇಷ್ಟ್ರು ಅಂದಾಜಿನ ಮೇಲೆ ಒಂದು ತಾರೀಕು ಬರೆದುಕೊಂಡರು, ಅದೇ ಮುಂದೆ ಸರ್ಕಾರಿ ಸತ್ಯವಾಯಿತು. ಶಾಲೆಗೇ ಹೋಗದವರಿಗೆ ಮತದಾರರ ಪಟ್ಟಿ ಮಾಡುವವರು ಮುಖ ನೋಡಿ ವಯಸ್ಸು ಬರೆದರು. ಹಾಗಾಗಿ ಆ ತಾರೀಕನ್ನು ಒಂದು ಸುಳಿವು ಅಂತ ಮಾತ್ರ ಇಟ್ಟುಕೊಳ್ಳಿ.

ನಿಜವಾದ ವರ್ಷಕ್ಕೆ ಹತ್ತಿರ ಹೋಗುವ ದಾರಿ ಬೇರೆ ಇದೆ. ಊರಿಗೆಲ್ಲ ನೆನಪಿರುವ ಮೂರು ಘಟನೆ ತೆಗೆದುಕೊಳ್ಳಿ, ಪ್ರತಿಯೊಂದಕ್ಕೂ "ಆಗ ನೀವು ಏನು ಕೆಲಸ ಮಾಡ್ತಿದ್ರಿ?" ಅಂತ ಕೇಳಿ. ವಯಸ್ಸು ಕೇಳಬೇಡಿ, ಕೆಲಸ ಕೇಳಿ. ನಮ್ಮ ಅಜ್ಜಿ ಹೀಗೆ ಹೇಳುತ್ತಾರೆ ಅಂದುಕೊಳ್ಳಿ: ಕಾಗೋಡು ಗಲಾಟೆ ಹೊತ್ತಿಗೆ ದನ ಕಾಯೋಕೆ ಹೋಗ್ತಿದ್ದೆ. ಮಂಗನ ಕಾಯಿಲೆ ಶುರುವಾದ ವರ್ಷ ಮದುವೆ ಆಯ್ತು. ಹೊಳೆ ನೀರು ಗದ್ದೆಗೆ ಬಂದಾಗ ಎರಡನೇ ಮಗು ಹೊಟ್ಟೆಯಲ್ಲಿತ್ತು. ಗೇಣಿದಾರರ ಕಾಗೋಡು ಸತ್ಯಾಗ್ರಹ 1951. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಲಿಂಗನಮಕ್ಕಿ ಮುಗಿದದ್ದು 1964. ದನ ಕಾಯುವ ಹುಡುಗಿ ಅಂದರೆ ಹತ್ತರ ಆಸುಪಾಸು, ಮದುವೆಗೆ ಹದಿನಾರು ಹದಿನೇಳು. ಮೂರನ್ನೂ ಸೇರಿಸಿದರೆ ಹುಟ್ಟಿದ್ದು 1940–41ರ ಸುಮಾರು. ಕಾರ್ಡಿನಲ್ಲಿ 1947 ಅಂತಿದ್ದರೂ ನಾನು ಈ ಲೆಕ್ಕವನ್ನೇ ನಂಬುತ್ತೇನೆ.

ಕೆಲವು ಮನೆಗಳಲ್ಲಿ ಸಂವತ್ಸರದ ಹೆಸರು ನೆನಪಿರುತ್ತದೆ, ಅಥವಾ ಹಳೆಯ ಜಾತಕ, ಕಾಗದಪತ್ರಗಳಲ್ಲಿ ಸಿಗುತ್ತದೆ. ಅದು ಸಿಕ್ಕರೆ ಹಬ್ಬ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಮೊದಲನೆಯ ಪ್ರಭವ ಬಂದದ್ದು 1867, 1927 ಮತ್ತು 1987ರ ಯುಗಾದಿಗೆ. ಅಲ್ಲಿಂದ ಎಣಿಸಿಕೊಂಡು ಹೋಗಿ. ಸರ್ವಜಿತು 1947, ದುರ್ಮುಖಿ 1956, ಕ್ರೋಧಿ 1964, ಆನಂದ 1974. ಅಜ್ಜನ ಅಜ್ಜನ ಕಾಲದ ಮಾತಲ್ಲಿ "ಧಾತು ಈಶ್ವರದ ಬರ" ಅಂತ ಬಂದರೆ ಅದು 1876–78ರ ಆ ಭೀಕರ ಬರಗಾಲ, ಎರಡು ಸಂವತ್ಸರದ ಹೆಸರೂ ಅದರಲ್ಲೇ ಇದೆ. ಯುಗಾದಿಗೆ ಮುಂಚಿನ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರಿಗೆ ಒಂದು ಇಸವಿ ಮುಂದೆ ಹೋಗಬೇಕು, ಅದನ್ನು ಮರೆಯಬೇಡಿ. ಶಕ ವರ್ಷ ಸಿಕ್ಕರೆ 78 ಕೂಡಿಸಿ. ಹಳೆಯ ಹೈದರಾಬಾದ್ ಸಂಸ್ಥಾನದ ಕಡೆಯ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ, ಅದಕ್ಕೆ ಸುಮಾರು 590 ಕೂಡಿಸಬೇಕು.

ಹಂತ 2: ಅವರು ಯಾರ ಆಳ್ವಿಕೆಯಲ್ಲಿ ಹುಟ್ಟಿದರು?

ಇದನ್ನು ಬಹಳ ಜನ ಮರೆಯುತ್ತಾರೆ. 1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡದ ಊರುಗಳು ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು ಅಂತ ಹಂಚಿಹೋಗಿದ್ದವು. ಹಾಗಾಗಿ ಒಂದೇ ವಯಸ್ಸಿನ ಇಬ್ಬರು ಅಜ್ಜಿಯರ ಚರಿತ್ರೆ ಒಂದೇ ಅಲ್ಲ. ಬೀದರ್ ಅಥವಾ ಕಲಬುರಗಿಯ ಹಿರಿಯರಿಗೆ 1947ರ ಆಗಸ್ಟ್ ಅಂದರೆ ಭಯದ ತಿಂಗಳುಗಳ ನೆನಪು. ನಿಜಾಮರ ಪರ ಶಸ್ತ್ರ ಹಿಡಿದ ರಜಾಕಾರರ ಹಾವಳಿ, ಊರು ಬಿಟ್ಟು ಓಡಿದ್ದು, ಆಮೇಲೆ 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಬಂದದ್ದು. ಸೈನ್ಯ ಬಂದ ಮೇಲೆ ಅದೇ ಕಡೆಯ ಎಷ್ಟೋ ಮುಸ್ಲಿಂ ಮನೆಗಳ ಭಯ ಶುರುವಾಯಿತು, ಅದನ್ನೂ ಕೇಳಬೇಕು. ಮಂಗಳೂರಿನ ಕಡೆಯವರ ಕಾಗದಪತ್ರ ಮದ್ರಾಸಿನ ಪದ್ಧತಿಯಲ್ಲಿರುತ್ತದೆ, ಬೆಳಗಾವಿ ಕಡೆಯ ಹಳೆಯ ದಾಖಲೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರಬಹುದು, ಕಲಬುರಗಿಯದು ಉರ್ದುವಿನಲ್ಲಿ. ಓದಿ ಹೇಳುವವರನ್ನು ಮೊದಲೇ ಹುಡುಕಿಕೊಳ್ಳಿ.

ನಮ್ಮ ಸಾಗರದ ಅಜ್ಜಿ ಮೈಸೂರು ಮಹಾರಾಜರ ಸೀಮೆಯವರು. ಅವರಿಗೆ ಬ್ರಿಟಿಷರು ದೂರ. ಹತ್ತಿರ ಇದ್ದದ್ದು ಜಮೀನ್ದಾರರು, ಶಾನುಭೋಗರು, ಪಟೇಲರು. ಅವರ ಬದುಕಿನ ಚರಿತ್ರೆಯೂ ಅಲ್ಲಿಂದಲೇ ಶುರುವಾಗಬೇಕು.

ಹಂತ 3: ಮಾತಿಗೆ ಕೂರುವುದು

ಇದಕ್ಕೆ ಜಾಸ್ತಿ ಸಮಯ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲನೆಯದು, "ನಿಮ್ಮ ಜೀವನದ ಬಗ್ಗೆ ಹೇಳಿ" ಅಂತ ಕೇಳಲೇಬೇಡಿ. "ಏನಿದೆ ಹೇಳೋಕೆ, ದುಡಿದ್ವಿ, ತಿಂದ್ವಿ" ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ವಸ್ತುಗಳ ಬಗ್ಗೆ ಕೇಳಿ. ಕತ್ತಲಾದ ಮೇಲೆ ಮನೆಯಲ್ಲಿ ಏನು ದೀಪ ಇತ್ತು? ಸೀಮೆಎಣ್ಣೆ ಎಲ್ಲಿಂದ ತರ್ತಿದ್ರು? ಕರೆಂಟು ಯಾವಾಗ ಬಂತು, ಯಾರ ಮನೆಗೆ ಮೊದಲು ಬಂತು? ಮೊದಲ ಬಾರಿ ದುಡ್ಡು ಕೈಗೆ ಬಂದದ್ದು ಯಾವ ಕೆಲಸಕ್ಕೆ, ಎಷ್ಟು? ಎಂಟಾಣೆ ಅಂದರೆ ಅದನ್ನು ಐವತ್ತು ಪೈಸೆ ಅಂತ ಬದಲಾಯಿಸದೆ ಹಾಗೇ ಬರೆದುಕೊಳ್ಳಿ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬರುವ ತನಕ ರೂಪಾಯಿಗೆ ಹದಿನಾರಾಣೆ, 64 ಪೈಸೆ. ಸಂತೆಯಲ್ಲಿ ಆ ಹೊಸ ಲೆಕ್ಕಕ್ಕೆ ಜನ ಹೇಗೆ ಒದ್ದಾಡಿದರು ಅಂತ ಕೇಳಿ ನೋಡಿ, ನಗುತ್ತಾ ಅರ್ಧ ಗಂಟೆ ಮಾತಾಡುತ್ತಾರೆ.

ಸೇರು, ಪಾವು, ಕೊಳಗ, ಖಂಡುಗದ ಬಗ್ಗೆ ಕೇಳುವಾಗ ಮಾತ್ರ ಸ್ವಲ್ಪ ನಿಧಾನ. ಸಾಗರದ ಕಡೆ ಕೊಳಗ ಅಂದರೆ ಬರೀ ಅಳತೆಯ ಪಾತ್ರೆಯಲ್ಲ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಅನ್ನುವ ಜಗಳದಿಂದಲೇ ಕಾಗೋಡು ಹೋರಾಟ ಹುಟ್ಟಿತು. ಹೆಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದು ಪುಸ್ತಕಗಳಲ್ಲಿ ಸಿಗುವ ಭಾಗ. ನೀವು ಕೇಳಬೇಕಾದದ್ದು ಬೇರೆ: ಗಂಡಸರು ಜೈಲಿಗೆ ಹೋದಾಗ ಮನೆಯಲ್ಲಿ ಏನು ಬೇಯಿಸಿದರು? ಒಡೆಯರ ಮನೆಗೆ ಕೆಲಸಕ್ಕೆ ಹೋಗುವುದು ನಿಂತಿತೇ? ಆ ವರ್ಷ ಗದ್ದೆಗೆ ಇಳಿದವರು ಯಾರು? ಹತ್ತು ವರ್ಷದ ಹುಡುಗಿಗೆ ಲೋಹಿಯಾ ಹೆಸರು ನೆನಪಿರಲಿಕ್ಕಿಲ್ಲ. ಪೊಲೀಸರ ಬೂಟಿನ ಸದ್ದು ನೆನಪಿರಬಹುದು.

ಹಬ್ಬಗಳನ್ನು ಬಿಡಬೇಡಿ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆದು ಗದ್ದೆಗೆ ಹೋಗಿ ಪೂಜೆ ಮಾಡುವ ದೀವರ ಮನೆಯವರು ಗದ್ದೆಯೇ ಮುಳುಗಿದ ಮೊದಲ ವರ್ಷ ಪೂಜೆ ಎಲ್ಲಿ ಮಾಡಿದರು? ಅಣೆಕಟ್ಟಿನ ಬಗ್ಗೆ ನೂರು ಪ್ರಶ್ನೆ ಕೇಳಿದರೂ ಸಿಗದ್ದು ಈ ಒಂದರಲ್ಲಿ ಸಿಗುತ್ತದೆ.

ಕೂರುವ ವಿಷಯಕ್ಕೆ ಬಂದರೆ, ಎದುರಿಗೆ ಕೂತು ಸಂದರ್ಶನ ಮಾಡುವ ಹಾಗೆ ಕೇಳಬೇಡಿ. ಅವರು ಅಡಿಕೆ ಸುಲಿಯುತ್ತಿದ್ದರೆ ನೀವೂ ಸುಲಿಯಿರಿ. ಕೈಗೆ ಕೆಲಸ ಇದ್ದರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಗ, ಸೊಸೆ ಪಕ್ಕದಲ್ಲಿದ್ದರೆ ಕೆಲವು ಮಾತು ಹೊರಗೇ ಬರುವುದಿಲ್ಲ, ಹಾಗಾಗಿ ಒಬ್ಬರೇ ಇರುವ ಹೊತ್ತು ನೋಡಿ. ಇನ್ನೊಮ್ಮೆ ಅವರ ವಯಸ್ಸಿನ ಗೆಳತಿಯನ್ನೋ ನಾದಿನಿಯನ್ನೋ ಜೊತೆಗೆ ಕೂರಿಸಿ. ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಾ ಹೋಗುತ್ತಾರೆ, "ಅಯ್ಯೋ ಅದು ಆವಾಗಲ್ಲ ಮಾರಾಯ್ತಿ, ನಿನ್ನ ದೊಡ್ಡವನು ಹುಟ್ಟಿದ ಮೇಲೆ" ಅಂತ, ನಿಮಗೆ ಕೂತಲ್ಲೇ ಇಸವಿ ಸಿಕ್ಕಿಬಿಡುತ್ತದೆ. ಒಂದು ಗಂಟೆಗಿಂತ ಜಾಸ್ತಿ ಎಳೆಯಬೇಡಿ.

ರೆಕಾರ್ಡಿಂಗಿಗೆ ಫೋನು ಸಾಕು. ಕೇಳಿಯೇ ರೆಕಾರ್ಡ್ ಮಾಡಿ, ಕದ್ದು ಮಾಡಬೇಡಿ. ಏರ್‌ಪ್ಲೇನ್ ಮೋಡಿಗೆ ಹಾಕಿ, ಟಿವಿ ಆಫ್ ಮಾಡಿಸಿ, ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ. ಅದೇ ರಾತ್ರಿ ಫೈಲನ್ನು ಇನ್ನೊಂದು ಕಡೆ ಕಾಪಿ ಮಾಡಿ, ತಾರೀಕು ಮತ್ತು ವಿಷಯ ಸೇರಿಸಿ ಹೆಸರಿಡಿ. ಎಲ್ಲವನ್ನೂ ಅಕ್ಷರಕ್ಕೆ ಇಳಿಸಲು ಹೋದರೆ ತಿಂಗಳುಗಟ್ಟಲೆ ಬೇಕು, ಅರ್ಧಕ್ಕೇ ಬಿಟ್ಟುಬಿಡುತ್ತೀರಿ. ಎಷ್ಟನೇ ನಿಮಿಷದಲ್ಲಿ ಏನು ಹೇಳಿದ್ದಾರೆ ಅಂತ ಒಂದು ಪಟ್ಟಿ ಮಾಡಿಕೊಂಡು ಮುಖ್ಯವಾದದ್ದನ್ನು ಮಾತ್ರ ಪೂರ್ತಿ ಬರೆಯಿರಿ, ಅವರ ಮಾತಿನ ರೀತಿಯಲ್ಲೇ.

ಹಂತ 4: ಕಾಗದ ಹುಡುಕುವುದು

ಮನೆಯ ಟ್ರಂಕಿನಿಂದ ಶುರು ಮಾಡಿ. ಕಂದಾಯದ ರಸೀದಿ, ಹಳೆಯ ರೇಷನ್ ಕಾರ್ಡು, ಮದುವೆಯ ಕರೆಯೋಲೆ, ಸೊಸೈಟಿ ಸಾಲದ ಪಾಸ್ ಪುಸ್ತಕ, ಫೋಟೋದ ಹಿಂದಿನ ಸ್ಟುಡಿಯೋ ಮುದ್ರೆ. ಎಲ್ಲದರ ಫೋಟೋ ತೆಗೆಯಿರಿ, ಎರಡೂ ಬದಿ.

ಆಮೇಲೆ ತಾಲ್ಲೂಕು ಕಚೇರಿ. ಪಹಣಿ ಕಂಪ್ಯೂಟರಿಗೆ ಬಂದದ್ದು ಭೂಮಿ ಯೋಜನೆಯಲ್ಲಿ, 2000ದ ಆಸುಪಾಸು. ಅದಕ್ಕೆ ಮುಂಚಿನದೆಲ್ಲ ಕೈಬರಹದ ಪಹಣಿ, ರೆಕಾರ್ಡ್ ರೂಮಿನಲ್ಲಿರುತ್ತದೆ. ಸರ್ವೆ ನಂಬರ್ ಗೊತ್ತಿದ್ದರೆ ಅರ್ಜಿ ಕೊಟ್ಟು ನಕಲು ಪಡೆಯಬಹುದು. ಒಡೆಯರ ಹೆಸರಿನ 9ನೇ ಕಾಲಂ ನೋಡಿ ನಿಲ್ಲಬೇಡಿ. 12ನೇ ಕಾಲಂನಲ್ಲಿ ಸಾಗುವಳಿ ಮಾಡಿದವರ ಹೆಸರಿರುತ್ತದೆ, ಗೇಣಿದಾರರ ಚರಿತ್ರೆ ಇರುವುದು ಅಲ್ಲಿ. ಮ್ಯುಟೇಶನ್ ರಿಜಿಸ್ಟರಿನಲ್ಲಿ ಯಾರು ಸತ್ತರು, ಯಾರಿಗೆ ಪಾಲಾಯಿತು, ಯಾವಾಗ ಮಾರಿದರು ಅನ್ನುವುದು ತಾರೀಕು ಸಮೇತ ಸಿಗುತ್ತದೆ.

ಗೇಣಿ ಮಾಡಿದ ಮನೆಯವರು ಒಂದು ಕಡತವನ್ನು ತಪ್ಪದೇ ಹುಡುಕಬೇಕು: ಭೂ ನ್ಯಾಯಮಂಡಳಿಯದ್ದು. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಅದರ ವಿಚಾರಣೆಯಲ್ಲಿ ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ಗೇಣಿ ಎಷ್ಟು ಕೊಡುತ್ತಿದ್ದೆವು, ಅಕ್ಕಪಕ್ಕದ ಗದ್ದೆ ಯಾರದು ಅಂತೆಲ್ಲ ಹೇಳಿಕೆ ಬರೆಸಿಕೊಂಡರು. ಓದು ಬರಹ ಇಲ್ಲದ ಒಬ್ಬ ರೈತ ತನ್ನ ಬದುಕಿನ ಬಗ್ಗೆ ಹೇಳಿ ಹೆಬ್ಬೆಟ್ಟು ಒತ್ತಿದ ಏಕೈಕ ಕಾಗದ ಇದೇ ಆಗಿರಬಹುದು. ಕಚೇರಿಯಲ್ಲಿ "ಸಿಗಲ್ಲ" ಅಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಮುಳುಗಡೆಯ ಮನೆಗಳಿಗೆ ಇನ್ನೊಂದು ದಾರಿ ಭೂಸ್ವಾಧೀನದ ಕಡತ. ಆ ಅಧಿಸೂಚನೆಗಳು ಸರ್ವೆ ನಂಬರ್ ಸಮೇತ ರಾಜ್ಯಪತ್ರದಲ್ಲಿ ಬರುತ್ತಿದ್ದವು, ಪರಿಹಾರ ಎಷ್ಟು ಅಂತ ಅಧಿಕಾರಿ ಬರೆದ ಐತೀರ್ಪಿನಲ್ಲಿ ಮನೆ, ಮರ, ಬಾವಿಯ ವಿವರ ಇರಬಹುದು. ಆದರೆ ಅಲ್ಲಿ ಜಮೀನಿನ ಒಡೆಯರ ಹೆಸರು ಎದ್ದು ಕಾಣುತ್ತದೆ, ಗೇಣಿಗೆ ಉಳುತ್ತಿದ್ದವರು ಕಾಣದೇ ಹೋಗಬಹುದು. ಕಾಣದಿದ್ದರೆ ಅದನ್ನೂ ಬರೆಯಿರಿ.

ಹೆಂಗಸರನ್ನು ಕಾಗದದಲ್ಲಿ ಹುಡುಕುವುದು ಇನ್ನೂ ಕಷ್ಟ. ಪಹಣಿಯಲ್ಲಿ ಅವರಿಲ್ಲ, ಗಂಡ ತೀರಿಕೊಂಡ ಮೇಲೆ ಬಂದರೆ ಬಂದರು. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಕೈಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ಮಗಳು ಅಂದರೇ ಹೊರತು ಸ್ವಂತ ಹೆಸರು ಹೇಳಲಿಲ್ಲ ಅನ್ನುವುದೇ ಕಾರಣ. ಅದು ಹೆಚ್ಚಾಗಿ ಉತ್ತರ ಭಾರತದಲ್ಲಿ ಆದದ್ದು, ಆದರೆ ನಮ್ಮ ಕಡೆಯ ಕಾಗದಗಳಲ್ಲೂ "ಕೋಂ" (ಇಂಥವರ ಹೆಂಡತಿ) ಆಚೆಗಿನ ಗಂಡನ ಹೆಸರೇ ಗಟ್ಟಿ. ವಿಧವಾ ವೇತನದ ಅರ್ಜಿ, ರೇಷನ್ ಕಾರ್ಡು, ಮಕ್ಕಳ ಶಾಲಾ ದಾಖಲಾತಿ, ಸ್ವಸಹಾಯ ಸಂಘದ ಪುಸ್ತಕ ಇಂಥ ಕಡೆ ಹುಡುಕಿ.

ಇನ್ನೂ ಆಳಕ್ಕೆ ಹೋಗುವ ಆಸೆ ಇದ್ದರೆ ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ಜಿಲ್ಲಾ ಗ್ಯಾಸೆಟಿಯರ್ ಮತ್ತು ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ನಿಮ್ಮ ಊರಿನ ಜನಸಂಖ್ಯೆ, ಶಾಲೆ, ರಸ್ತೆಯ ವಿವರ ಸಿಗುತ್ತದೆ. ಹಳೆಯ ಪತ್ರಿಕೆ ನೋಡುವವರು ಮೊದಲು ತಾರೀಕು ಗೊತ್ತು ಮಾಡಿಕೊಂಡು ಹೋಗಿ, ಇಲ್ಲದಿದ್ದರೆ ಹಳೆಯ ಸಿನಿಮಾ ಜಾಹೀರಾತು ನೋಡುತ್ತಾ ದಿನ ಕಳೆದುಹೋಗುತ್ತದೆ.

ಹಂತ 5: ಎರಡು ಕಾಲಂ ಪಟ್ಟಿ

ಒಂದು ಉದ್ದ ಪುಸ್ತಕ ತೆಗೆದುಕೊಳ್ಳಿ. ಎಡಕ್ಕೆ ಅವರ ಬದುಕು, ಬಲಕ್ಕೆ ಊರು, ಸೀಮೆ, ದೇಶ. ಮೊದಲು ಎಡಗಡೆ ತುಂಬಿಸಿ. ಬಲಗಡೆಯಿಂದ ಶುರು ಮಾಡಿದರೆ ಮತ್ತೆ ಸಮಾಜ ಪುಸ್ತಕವೇ ಆಗುತ್ತದೆ.

ಎಡಗಡೆ "ಮನೆಯಲ್ಲಿ ಅನ್ನ ಇಲ್ಲ, ಗೆಣಸು ತಿಂದೆವು" ಅಂತಿದ್ದರೆ ಬಲಗಡೆ ಏನು ಬರುತ್ತದೆ ಹುಡುಕಿ. ಎರಡನೇ ಮಹಾಯುದ್ಧದ ಕಾಲದ ರೇಷನ್ನೋ, 1965–66ರ ಬರವೋ? "ಶಾಲೆಯಲ್ಲಿ ಉಪ್ಪಿಟ್ಟು ಕೊಡ್ತಿದ್ರು" ಅಂದರೆ ಅಮೆರಿಕದಿಂದ ಬಂದ ನೆರವಿನ ಧಾನ್ಯದ ಕಥೆ ಅದರ ಹಿಂದಿದೆ. ಅಕ್ಕಸಾಲಿಗರ ಮನೆಯಾದರೆ 1963ರ ಚಿನ್ನ ನಿಯಂತ್ರಣ ಬಲಗಡೆಯ ದೊಡ್ಡ ಸಾಲು. 14 ಕ್ಯಾರೆಟ್‌ಗಿಂತ ಶುದ್ಧ ಚಿನ್ನದ ಹೊಸ ಒಡವೆ ಮಾಡುವ ಹಾಗಿಲ್ಲ ಅಂದಾಗ ಎಷ್ಟೋ ಕುಲುಮೆ ಆರಿಹೋದವು. ಅದೇ ವರ್ಷ ನಮ್ಮ ಸಾಗರದ ಅಜ್ಜಿಗೆ ಆ ಕಾನೂನು ಗೊತ್ತೇ ಇರಲಿಕ್ಕಿಲ್ಲ. ಊರು ಬಿಡಲು ಮೂಗುತಿ ಮಾರಿ ಗಾಡಿ ಬಾಡಿಗೆ ಕೊಡುವ ಯೋಚನೆಯಲ್ಲಿ ಅವರಿದ್ದರು ಅಂದುಕೊಳ್ಳಿ.

ನೆನಪಿಗೂ ಕಾಗದಕ್ಕೂ ಹೊಂದದೇ ಇದ್ದಾಗ ಏನು ಮಾಡಬೇಕು? ಇದು ಖಂಡಿತ ಬರುತ್ತದೆ. ಸಾಗರದ ಕಡೆ ಅದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಲಿಂಗನಮಕ್ಕಿಗೆ ಮುಂಚೆಯೇ 1940ರ ದಶಕದಲ್ಲಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು, ಆಗಲೂ ಊರುಗಳು ಮುಳುಗಿದವು. ಆಮೇಲೆ ಆ ಅಣೆಕಟ್ಟೇ ಲಿಂಗನಮಕ್ಕಿಯ ನೀರಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಈಗಲೂ ಕಾಣುತ್ತದೆ. ಹೀಗಿರುವಾಗ "ಮುಳುಗಡೆ ಹೊತ್ತಿಗೆ ನಾನಿನ್ನೂ ಸಣ್ಣವಳು" ಅಂತಲೂ "ಮುಳುಗಡೆಯಲ್ಲಿ ನನ್ನ ಮಗು ಹೊಟ್ಟೆಯಲ್ಲಿತ್ತು" ಅಂತಲೂ ಒಬ್ಬರೇ ಹೇಳಿದರೆ ಅಜ್ಜಿಗೆ ಮರೆವು ಅಂತ ನಗಬೇಡಿ. ಎರಡು ಮುಳುಗಡೆ ಕಂಡವರು ಎರಡನ್ನೂ ಸರಿಯಾಗಿಯೇ ಹೇಳಿರಬಹುದು. ನಿಜವಾಗಿಯೂ ಹೊಂದದಿದ್ದರೆ ಎರಡನ್ನೂ ಬರೆಯಿರಿ: ಅವರ ಮಾತು ಇದು, ದಾಖಲೆಯ ತಾರೀಕು ಇದು. ಸುಮ್ನೆ ಅವರ ಬಾಯಿಗೆ ನಿಮ್ಮ ತಾರೀಕು ತುರುಕಬೇಡಿ.

ಹಂತ 6: ಬರೆಯುವುದು

ಹುಟ್ಟಿನಿಂದ ಶುರು ಮಾಡಲೇಬೇಕು ಅಂತಿಲ್ಲ. ಅವರ ಬದುಕು ಎರಡು ಭಾಗವಾದ ಜಾಗ ಯಾವುದು ನೋಡಿ, ಅಲ್ಲಿಂದ ಹಿಡಿಯಿರಿ. ಸಾಗರದ ಅಜ್ಜಿಗಾದರೆ ಅದು ಮನೆ ಬಿಟ್ಟ ದಿನ. ಒಂದು ಮಾದರಿ ಕೊಡುತ್ತೇನೆ.

ಮೊದಲು ಬೇಡದ ರೀತಿ: "1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಇದರಿಂದ ಅನೇಕ ಗ್ರಾಮಗಳು ಮುಳುಗಡೆಯಾದವು. ನಮ್ಮ ಅಜ್ಜಿಯೂ ಸಂತ್ರಸ್ತರಾದರು." ತಪ್ಪೇನಿಲ್ಲ, ಆದರೆ ಅಜ್ಜಿ ಇಲ್ಲಿ ಎಲ್ಲಿದ್ದಾರೆ?

ಈಗ ಇನ್ನೊಂದು: "ಹೆಂಚು ಇಳಿಸಿದ್ದು ಗಂಡಸರು, ಎಣಿಸಿದ್ದು ಅಜ್ಜಿ. ಹೊಸ ಜಾಗದಲ್ಲಿ ಹೆಂಚು ಕೊಳ್ಳಲು ದುಡ್ಡಿಲ್ಲದ ಕಾರಣ ಒಂದೂ ಒಡೆಯಬಾರದಿತ್ತು. ಒಲೆಯ ಕಲ್ಲನ್ನು ಗಾಡಿಗೆ ಹಾಕಿದರು, ದನ ಮುಂದೆ ನಡೆಸಿದರು. ಲಿಂಗನಮಕ್ಕಿಯ ಕರೆಂಟು ಬೆಂಗಳೂರಿನ ಕಾರ್ಖಾನೆಗಳಿಗೆ ಹೋದ ಮೇಲೂ ಕಾಡಂಚಿನ ಆ ಹೊಸ ಮನೆಯಲ್ಲಿ ಅವರು ವರ್ಷಗಟ್ಟಲೆ ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲೇ ಅಡುಗೆ ಮಾಡಿದರು."

ಎರಡನೆಯದರಲ್ಲಿ ಅಣೆಕಟ್ಟು ಒಂದೇ ವಾಕ್ಯದಲ್ಲಿ ಬರುತ್ತದೆ. ಸಾಕು. ಆದರೆ ಹೆಂಚು ಎಣಿಸಿದ್ದನ್ನು ಅವರು ಹೇಳಿರಬೇಕು, ನೀವು ಕಲ್ಪಿಸಿ ಸೇರಿಸುವಂತಿಲ್ಲ. ಹೇಳದೇ ಇದ್ದದ್ದನ್ನು ಊಹಿಸಿದರೆ "ಇರಬಹುದು" ಅನ್ನುವ ಪದ ಧಾರಾಳವಾಗಿ ಬಳಸಿ, ಅದರಿಂದ ಬರಹದ ಮರ್ಯಾದೆ ಕಡಿಮೆಯಾಗುವುದಿಲ್ಲ. ಅವರ ಮಾತನ್ನು ಉದ್ಧರಣೆಯಲ್ಲಿ ಹಾಕುವಾಗ ಗ್ರಂಥದ ಕನ್ನಡಕ್ಕೆ ತಿದ್ದಬೇಡಿ.

ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಯೋಚಿಸಿ. ಎಲ್ಲ ಜೀವನಕಥೆಯೂ ಸಾವಿನಲ್ಲೇ ಮುಗಿಯಬೇಕಾಗಿಲ್ಲ. ಶರಾವತಿ ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರು ದಶಕಗಳ ಕಾಲ ಲಾಂಚಿನಲ್ಲಿ ದಾಟಿದರು, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆ ಕಡೆಯ ಮನೆಯ ಕಥೆಗೆ ಅಲ್ಲಿ ನಿಲ್ಲಿಸಿದರೆ ಸರಿಯಾಗಿ ಕೂರುತ್ತದೆ.

ಹಂತ 7: ಯಾರಿಗೆ ನೋವಾಗುತ್ತದೆ?

ಜಮೀನಿನ ವ್ಯಾಜ್ಯ, ಎರಡನೇ ಸಂಬಂಧ, ಬೇರೆ ಜಾತಿಯ ಮದುವೆ, ಅಣ್ಣತಮ್ಮಂದಿರ ಪಾಲು, ಸತ್ತ ಮಗು. ಇವೆಲ್ಲ ಬರುತ್ತವೆ. ಅವರು ಹೇಳಿದರು ಅಂದ ಮಾತ್ರಕ್ಕೆ ಅಚ್ಚು ಹಾಕಿಸಲು ಒಪ್ಪಿದರು ಅಂತಲ್ಲ. ಬರೆದದ್ದನ್ನು ಅವರಿಗೆ ಓದಿ ಹೇಳಿ. "ಇದು ಬ್ಯಾಡ" ಅಂದದ್ದನ್ನು ತೆಗೆಯಿರಿ, ವಾದ ಮಾಡಬೇಡಿ. ಬದುಕಿರುವ ಹೊರಗಿನವರ ಹೆಸರು ಬದಲಾಯಿಸಿ. ಅಂದಿನ ಒಡೆಯರ ಮನೆಯ ಮೊಮ್ಮಕ್ಕಳು ಇವತ್ತು ನಿಮ್ಮ ಸಹಪಾಠಿಗಳಾಗಿರಬಹುದು. ಹಾಗಂತ ಗೇಣಿಯ ಕಥೆಯನ್ನೇ ಮೆತ್ತಗೆ ಮಾಡುವುದು ಬೇಡ. ಹೆಸರು ಬಿಡಿ, ಕೊಳಗ ಬಿಡಬೇಡಿ.

ಮನೆಯ ವಾಟ್ಸಾಪ್ ಗ್ರೂಪಿಗೆ ಕರಡನ್ನು ಹಾಕುವ ಆಸೆಯನ್ನು ತಡೆದುಕೊಳ್ಳಿ. ಹತ್ತು ಜನ ಹತ್ತು ರೀತಿ ತಿದ್ದಿ ಕೊನೆಗೆ ಹೊಗಳಿಕೆಯ ಪಟ್ಟಿಯೇ ಉಳಿಯುತ್ತದೆ.

ಹಂತ 8: ಅಚ್ಚು

ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದರೆ ಆಮೇಲೆ ಬದಲಾಯಿಸುವಾಗ ಒತ್ತಕ್ಷರ ಎಲ್ಲ ಕಲಸಿಹೋಗುತ್ತದೆ. ಅರವತ್ತು ಎಂಬತ್ತು ಪುಟ ಸಾಕು. ಮನೆಯವರಿಗೆ ಬೇಕಾದಷ್ಟು ಪ್ರತಿಯನ್ನು ಹತ್ತಿರದ ಡಿಟಿಪಿ ಅಂಗಡಿಯಲ್ಲೇ ಮಾಡಿಸಬಹುದು. ಹಿರಿಯರಿಗೆ ಓದಲು ಅಕ್ಷರ ಸ್ವಲ್ಪ ದೊಡ್ಡದಿರಲಿ. ಫೋಟೋಗಳ ಕೆಳಗೆ ಯಾರು, ಎಲ್ಲಿ, ಸುಮಾರು ಯಾವ ವರ್ಷ ಅಂತ ಹಾಕಿ. ಊರಿನ ಒಂದು ನಕ್ಷೆ ಕೈಯಲ್ಲೇ ಬರೆದು ಸೇರಿಸಿ, ಮುಳುಗಿದ ಊರಾದರೆ ಯಾರ ಮನೆಯ ಪಕ್ಕ ಯಾರ ಮನೆ ಅಂತ ಅಜ್ಜಿಯನ್ನೇ ಕೂರಿಸಿಕೊಂಡು ಬರೆಸಿ. ಒಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಒಂದು ಊರಿನ ಶಾಲೆಗೆ ಕೊಡಿ. ರೆಕಾರ್ಡಿಂಗುಗಳನ್ನು ಒಂದೇ ಫೋನಿನಲ್ಲಿ ಇಟ್ಟುಕೊಳ್ಳದೆ ಇನ್ನಿಬ್ಬರ ಹತ್ತಿರವೂ ಇರುವ ಹಾಗೆ ಮಾಡಿ.